ಮಾಟುಂಗಾದ ಮಳೆಗಾಲ: ಏನು ಉಡಬೇಕು, ಎಲ್ಲಿ ಕಾಲಿಡಬೇಕು

ಕೆಲಸಕ್ಕೆಂದೋ ಓದಿಗೆಂದೋ ಜೂನ್ ತಿಂಗಳಲ್ಲಿ ಮುಂಬಯಿಗೆ ಬಂದು ಮಾಟುಂಗಾ, ಹಿಂದೂ ಕಾಲನಿ, ವಡಾಲಾ, ಸಾಯನ್ ಸುತ್ತಮುತ್ತ ಮನೆ ಹಿಡಿಯುವ ಕನ್ನಡಿಗರು ಪ್ರತಿ ವರ್ಷವೂ ಇರುತ್ತಾರೆ. ಬೆಂಗಳೂರು, ಮೈಸೂರಿನಿಂದ ಬಂದವರು ಒಂದು ಒಳ್ಳೆಯ ರೇನ್‌ಕೋಟು ಇದ್ದರೆ ಸಾಕು ಎಂದುಕೊಂಡಿರುತ್ತಾರೆ. ತೀರ್ಥಹಳ್ಳಿ, ಶಿರಸಿ, ಉಡುಪಿ ಕಡೆಯವರು ‘ನಾವು ಕಾಣದ ಮಳೆಯೇ’ ಎಂದು ಏನನ್ನೂ ತರುವುದಿಲ್ಲ. ಇಬ್ಬರಿಗೂ ಜುಲೈ ಎರಡನೆಯ ವಾರದ ಹೊತ್ತಿಗೆ ತೊಡಲು ಒಣಗಿದ ಬಟ್ಟೆ ಇರುವುದಿಲ್ಲ. ಈ ಲೇಖನ ಅವರಿಬ್ಬರಿಗಾಗಿ.

ಬೆಂಗಳೂರಿನವರು ಮೊದಲು ಮಳೆಯ ಪ್ರಮಾಣವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅಲ್ಲಿ ಇಡೀ ವರ್ಷಕ್ಕೆ ಬೀಳುವುದು 1000 ಮಿಲಿಮೀಟರಿನ ಆಸುಪಾಸು. ಇಲ್ಲಿ ಸಾಂತಾಕ್ರೂಜ್ ಕೇಂದ್ರದಲ್ಲಿ ಅಳೆಯುವ ಮಳೆಯ ಸರಾಸರಿ ಜುಲೈ ಒಂದೇ ತಿಂಗಳಲ್ಲಿ 800 ಮಿ.ಮೀ. ದಾಟುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2000 ಮಿ.ಮೀ.ಗೂ ಹೆಚ್ಚು. 2005ರ ಜುಲೈ 26ರಂದು ಅದೇ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ದಾಖಲಾಯಿತು. ಮಲೆನಾಡಿನವರಿಗೆ, ಕರಾವಳಿಯವರಿಗೆ ಆ ಒಂದು ದಿನದ ಅಂಕಿ ಬಿಟ್ಟರೆ ಉಳಿದವು ದೊಡ್ಡವಲ್ಲ. ಆದರೆ ಊರಿನಲ್ಲಿ ಮಳೆ ಜೋರಾದರೆ ಪೇಟೆಗೆ ಹೋಗುವುದನ್ನು ನಾಳೆಗೆ ಮುಂದೂಡಬಹುದು. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಹರವಬಹುದು. ಇಲ್ಲಿ ಎಂಟೂವರೆಯ ಲೋಕಲ್ ರೈಲು ಹಿಡಿಯಲೇಬೇಕು, ಸಂಜೆ ಮರಳಿ ಬರುವುದು ಒಲೆಯೂ ಅಟ್ಟವೂ ಇಲ್ಲದ ಖೋಲಿಗೆ.

ಇನ್ನೊಂದು ಸಂಗತಿಯನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಸಾಯನ್ ಮತ್ತು ಮಾಹಿಮ್‌ನಿಂದ ದಕ್ಷಿಣಕ್ಕೆ ಆಟೋರಿಕ್ಷಾಗಳಿಗೆ ಪ್ರವೇಶವಿಲ್ಲ. ಮಾಟುಂಗಾದಲ್ಲಿ ಇರುವುದು ಟ್ಯಾಕ್ಸಿ, ‘ಬೆಸ್ಟ್’ ಎಂಬ ಹೆಸರಿನ ನಗರ ಸಾರಿಗೆ ಬಸ್ಸು ಮತ್ತು ನಿಮ್ಮ ಕಾಲು. ಮಳೆ ಬಂದಾಗ ಹತ್ತಿರದ ದೂರಕ್ಕೆ ಟ್ಯಾಕ್ಸಿ ಸಿಗುವುದು ಕಷ್ಟ. ರೈಲ್ವೆ ನಿಲ್ದಾಣ, ತರಕಾರಿ ಮತ್ತು ಹೂವಿನ ಮಾರುಕಟ್ಟೆ, ದೇವಸ್ಥಾನಗಳು, ರುಯಿಯಾ ಮತ್ತು ಪೋದ್ದಾರ್ ಕಾಲೇಜು, ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್, ಎಲ್ಲವೂ ನಡೆದು ಹೋಗುವಷ್ಟು ಹತ್ತಿರ ಇರುವುದರಿಂದ ಜನ ನಡೆಯುತ್ತಾರೆ. ಪ್ಲೇಗಿನ ಹಾವಳಿಯ ನಂತರ 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ನಕ್ಷೆ ಹಾಕಿ ಬೆಳೆಸಿದ ಬಡಾವಣೆ ಇದು. ಅಗಲವಾದ ರಸ್ತೆ, ಎರಡೂ ಬದಿಯಲ್ಲಿ ಫುಟ್‌ಪಾತ್, ಸಾಲುಮರ. ನಡೆಯಲು ಇದಕ್ಕಿಂತ ಒಳ್ಳೆಯ ಬಡಾವಣೆ ಈ ನಗರದಲ್ಲಿ ಅಪರೂಪ ಎಂದೇ ನನ್ನ ಅಭಿಪ್ರಾಯ.

ಹಾಗಾಗಿ ನನ್ನ ಸಲಹೆಗಳೆಲ್ಲ ಒಂದು ಮಾತಿನಿಂದ ಹೊರಡುತ್ತವೆ. ಕೊಡೆ ಯಾವುದೇ ಇರಲಿ, ಕೋಟು ಯಾವುದೇ ಇರಲಿ, ಮೊಣಕಾಲಿನ ಕೆಳಗೆ ನೀವು ನೆನೆದೇ ನೆನೆಯುತ್ತೀರಿ. ಅಂಗಡಿಯಲ್ಲಿ ಏನನ್ನು ಕೈಗೆತ್ತಿಕೊಂಡರೂ ಕೇಳಬೇಕಾದ ಪ್ರಶ್ನೆ: ಇದು ಎಷ್ಟು ಬೇಗ ಒಣಗುತ್ತದೆ?

ಮೊದಲ ಕೆಲಸ: ಮಳೆ ಬರುವ ಮುನ್ನ ಮನೆ ನೋಡಿಕೊಳ್ಳಿ

ಮುಂಬಯಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11. ಅದಕ್ಕೆ ಒಂದು ವಾರ ಮುಂಚೆ ಬಟ್ಟೆಯ ಕಪಾಟನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದುಬಿಡಿ. ಹಳೆಯ ಕಟ್ಟಡಗಳ ಹೊರಗೋಡೆ, ಅದರಲ್ಲೂ ಪಶ್ಚಿಮ ದಿಕ್ಕಿನ ಗೋಡೆ, ಜುಲೈ ಹೊತ್ತಿಗೆ ತೇವ ಹೀರಿಕೊಂಡಿರುತ್ತದೆ. ಕಪಾಟು ಅದಕ್ಕೆ ಅಂಟಿಕೊಂಡಿದ್ದರೆ ಹಿಂಬದಿಯ ಹಲಗೆಗೆ ಬೂಷ್ಟು ಹಿಡಿದು, ಅಲ್ಲಿಂದ ಮಡಿಚಿಟ್ಟ ಬಟ್ಟೆಗೆ ದಾಟುತ್ತದೆ. ಚರ್ಮದ ಬೂಟು, ಚರ್ಮದ ಬೆಲ್ಟು, ಚರ್ಮದ ಕೈಚೀಲಗಳನ್ನು ಒರೆಸಿ, ಒಳಗೆ ಹಳೆಯ ದಿನಪತ್ರಿಕೆ ತುರುಕಿ, ಬಟ್ಟೆಯ ಚೀಲದಲ್ಲಿ ಹಾಕಿ ಮೇಲಿಟ್ಟುಬಿಡಿ. ಪ್ಲಾಸ್ಟಿಕ್ ಚೀಲ ಬೇಡ. ಒಳಗೆ ಸಿಕ್ಕಿಕೊಂಡ ತೇವ ಹೊರಗೆ ಹೋಗುವುದಿಲ್ಲ.

ಎರಡನೆಯದು: ಪಾದದಿಂದ ಶುರುಮಾಡಿ

ಜನ ಕೊಡೆಗೆ ದುಡ್ಡು ಸುರಿದು ಚಪ್ಪಲಿಯಲ್ಲಿ ಉಳಿಸಲು ನೋಡುತ್ತಾರೆ. ಅದು ತಲೆಕೆಳಗಾದ ಲೆಕ್ಕ. ಮೇ ಕೊನೆಗೆ ದಾದರ್‌ನ ಅಂಗಡಿಗಳಲ್ಲಿ, ಫುಟ್‌ಪಾತಿನ ಮೇಲೆ ‘ಪಾವಸಾಳಿ ಚಪ್ಪಲ್’, ಅಂದರೆ ಮಳೆಗಾಲದ ಚಪ್ಪಲಿ, ಎಂದು ರಾಶಿ ಹಾಕಿರುತ್ತಾರೆ. ಕೊಳ್ಳುವಾಗ ಮೇಲಿನ ಬಣ್ಣವನ್ನು ನೋಡುವ ಮುನ್ನ ತಿರುಗಿಸಿ ಅಟ್ಟೆಯನ್ನು ನೋಡಿ. ಆಳವಾದ ಗೀರುಗಳಿರಬೇಕು, ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು. ಗಟ್ಟಿ ಪ್ಲಾಸ್ಟಿಕ್ ಅಟ್ಟೆ ನಿಲ್ದಾಣದ ನುಣುಪು ಕಲ್ಲಿನ ಮೇಲೆ ನೀರು ಬಿದ್ದಾಗ ನಿಲ್ಲುವುದಿಲ್ಲ. ಹಿಮ್ಮಡಿಯ ಹಿಂದೆ ಪಟ್ಟಿ ಇರಲೇಬೇಕು. ಪಟ್ಟಿಯಿಲ್ಲದ ಹವಾಯಿ ಚಪ್ಪಲಿ ಎರಡು ರೀತಿಯಲ್ಲಿ ತೊಂದರೆ ಕೊಡುತ್ತದೆ: ಪ್ರತಿ ಹೆಜ್ಜೆಗೂ ಕೆಸರನ್ನು ಮೀನಖಂಡದ ಮೇಲೆ, ಉಟ್ಟ ಬಟ್ಟೆಯ ಹಿಂಬದಿಗೆ ಎರಚುತ್ತದೆ, ಹರಿಯುವ ನೀರಿನಲ್ಲಿ ಕಾಲಿನಿಂದ ಕಳಚಿ ತೇಲಿಹೋಗುತ್ತದೆ. ಬರಿಗಾಲಿನಲ್ಲಿ ಆ ನೀರಿನಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು. ಏಕೆಂದು ಮುಂದೆ ಹೇಳುತ್ತೇನೆ.

ಗಂಬೂಟು ಬೇಡ ಎನ್ನುವವನು ನಾನು. ನೀರು ಬೂಟಿನ ಎತ್ತರ ದಾಟಿದ ಕ್ಷಣ ಒಳಗೆ ತುಂಬಿಕೊಳ್ಳುತ್ತದೆ. ಆಮೇಲೆ ಅದನ್ನು ಎತ್ತಿ ಇಡುವುದೇ ಪ್ರಯಾಸ. ಮುಚ್ಚಿದ ಕ್ರೀಡಾ ಬೂಟು ಒಮ್ಮೆ ಪೂರ್ತಿ ನೆನೆದರೆ ಒಣಗಲು ಎರಡು ಮೂರು ದಿನ ಬೇಕು. ಕಚೇರಿಯಲ್ಲಿ ಬೂಟು ಕಡ್ಡಾಯವಿದ್ದರೆ ಒಂದು ಜೊತೆಯನ್ನು ಅಲ್ಲಿಯೇ ಇಡಿ, ಜೊತೆಗೆ ಎರಡು ಜೊತೆ ಕಾಲುಚೀಲ ಮತ್ತು ಒಂದು ಸಣ್ಣ ಟವೆಲ್. ದಾರಿಗೆ ಚಪ್ಪಲಿ, ಮೇಜಿನ ಕೆಳಗೆ ಬೂಟು. ಮುಂಬಯಿಯ ಹಳಬರೆಲ್ಲ ಹೀಗೆಯೇ ಮಾಡುತ್ತಾರೆ.

ಮನೆಗೆ ಬಂದ ಕೂಡಲೇ ಕಾಲನ್ನು ಸಾಬೂನು ಹಾಕಿ ತೊಳೆದು, ಬೆರಳ ಸಂದುಗಳನ್ನು ಒಣ ಬಟ್ಟೆಯಿಂದ ಒಂದೊಂದಾಗಿ ಒರೆಸಿ. ತೇವ ಉಳಿದರೆ ಅಲ್ಲಿ ಚರ್ಮ ಬೆಳ್ಳಗಾಗಿ ಬಿರಿದು ನವೆ ಶುರುವಾಗುತ್ತದೆ. ತೊಡೆಯ ಸಂದಿಯಲ್ಲಿ, ಸೊಂಟದ ಪಟ್ಟಿಯ ಕೆಳಗೆ ಹುಳಕಡ್ಡಿ ಕಾಣಿಸಿಕೊಳ್ಳುವುದೂ ಈ ಕಾಲದಲ್ಲೇ. ಔಷಧದ ಅಂಗಡಿಯವರು ಕೊಟ್ಟ ಯಾವುದೋ ಮುಲಾಮನ್ನು ಹಚ್ಚಬೇಡಿ. ಅಂಥವುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಎರಡು ದಿನ ನವೆ ನಿಲ್ಲುತ್ತದೆ, ಆಮೇಲೆ ಹುಳಕಡ್ಡಿ ಇಮ್ಮಡಿಯಾಗಿ ಹರಡುತ್ತದೆ. ಚರ್ಮರೋಗದ ವೈದ್ಯರಿಗೆ ತೋರಿಸಿ.

ಮೂರನೆಯದು: ಬಟ್ಟೆ

ಹತ್ತಿಯೇ ಒಳ್ಳೆಯದು ಎಂಬ ನಮ್ಮ ನಂಬಿಕೆ ಏಪ್ರಿಲ್, ಮೇ ತಿಂಗಳಿಗೆ ಸರಿ. ಮಳೆಗಾಲದಲ್ಲಿ ದಪ್ಪ ಹತ್ತಿ ನೀರು ಕುಡಿದು, ಭಾರವಾಗಿ, ಮೈಗೆ ಅಂಟಿ ಕೂರುತ್ತದೆ. ಜೀನ್ಸ್‌ಗಳನ್ನಂತೂ ನಾಲ್ಕು ತಿಂಗಳು ಮಡಿಚಿಡಿ. ಗಂಡಸರಿಗೆ ಟೆರಿಕಾಟ್ ಅಥವಾ ತೆಳುವಾದ ಪಾಲಿಯೆಸ್ಟರ್ ಮಿಶ್ರಣದ ಪ್ಯಾಂಟು ಅನುಕೂಲ. ಕಾಲನ್ನು ಮೂರು ಮಡಿಕೆ ಮೇಲಕ್ಕೆ ಮಡಚಲು ಬರುವಷ್ಟು ಸಡಿಲ ಇರಲಿ. ಅಂಗಿಗೆ ತೆಳು ಹತ್ತಿಯೂ ನಡೆಯುತ್ತದೆ. ಮಾಟುಂಗಾದ ದೇವಸ್ಥಾನಗಳ ಸುತ್ತ ಹಿರಿಯರು ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ನಡೆದು ಹೋಗುವುದನ್ನು ನೋಡಿ. ಈ ಊರಿನ ಮಳೆಗೆ ಅದಕ್ಕಿಂತ ಹೊಂದುವ ಉಡುಪು ಇನ್ನೊಂದಿಲ್ಲ. ಭಾನುವಾರ ಮಾರುಕಟ್ಟೆಗೆ ಹೋಗುವಾಗ ನೀವೂ ಹಾಗೆಯೇ ಹೊರಡಿ, ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಹೆಂಗಸರಿಗೆ ಅಗಲ ಕಾಲಿನ ಪ್ಯಾಂಟು, ಪಲಾಝೊ ಬೇಡ. ಅದರ ಅಂಚು ರಸ್ತೆಯ ನೀರನ್ನು ಹೀರುತ್ತಾ ಹೀರುತ್ತಾ ಮೊಣಕಾಲಿನವರೆಗೆ ಏರಿಸಿಕೊಳ್ಳುತ್ತದೆ. ಕಾಲಿಗೆ ಅಂಟುವ ಲೆಗಿಂಗ್ಸ್, ಅದರ ಮೇಲೆ ಮೊಣಕಾಲಿನಲ್ಲೇ ನಿಲ್ಲುವ ಕುರ್ತಾ ಅತಿ ಅನುಕೂಲ. ರೇಯಾನ್ ಬಟ್ಟೆ ಕೈಗೆ ತೆಳುವೆನಿಸಿದರೂ ನೀರನ್ನು ಹತ್ತಿಯಂತೆಯೇ ಹೀರುತ್ತದೆ, ಒದ್ದೆಯಾದಾಗ ನೂಲು ಬಲ ಕಳೆದುಕೊಳ್ಳುತ್ತದೆ. ಮಳೆಗಾಲಕ್ಕೆಂದು ಅದನ್ನು ಕೊಳ್ಳಬೇಡಿ. ತಿಳಿ ಬಣ್ಣದ ತೆಳು ಬಟ್ಟೆ ನೆನೆದರೆ ಮೈ ಕಾಣುತ್ತದೆ, ಆದ್ದರಿಂದ ಒಳಪದರ ಇರುವುದನ್ನೇ ತೊಡಿ. ಕಡುನೀಲಿ, ಕಂದು, ಮೆರೂನ್ ಬಣ್ಣಗಳಲ್ಲಿ ಕೆಸರಿನ ಚುಕ್ಕೆ ಎದ್ದು ಕಾಣುವುದಿಲ್ಲ. ಹೊಸದಾಗಿ ಕೊಂಡ ಕಡು ಬಣ್ಣದ ಹತ್ತಿ ಬಟ್ಟೆಯನ್ನು ಮಳೆಗೆ ತೊಡುವ ಮುನ್ನ ಬೇರೆಯಾಗಿ ಎರಡು ಮೂರು ಸಲ ಒಗೆದುಬಿಡಿ. ಇಲ್ಲದಿದ್ದರೆ ಮೊದಲ ಜಡಿಮಳೆಯಲ್ಲೇ ಅದರ ಬಣ್ಣ ಒಳಬಟ್ಟೆಗೂ ಚೀಲಕ್ಕೂ ಇಳಿಯುತ್ತದೆ.

ಸೀರೆ ಉಡುವವರು ಸೀರೆಯನ್ನು ಬಿಡಬೇಕಾಗಿಲ್ಲ. ಉಡುವ ಬಗೆಯನ್ನು ಸ್ವಲ್ಪ ಬದಲಿಸಿಕೊಂಡರೆ ಸಾಕು. ತೊಂದರೆ ಕೊಡುವುದು ಹೆಚ್ಚಾಗಿ ಸೀರೆಯಲ್ಲ, ಒಳಗಿನ ಹತ್ತಿಯ ಲಂಗ. ಒದ್ದೆಯಾದ ಹತ್ತಿ ಲಂಗ ಕಾಲಿಗೆ ಸುತ್ತಿಕೊಂಡು ಹೆಜ್ಜೆಯನ್ನೇ ಕಟ್ಟಿಹಾಕುತ್ತದೆ, ಮೆಟ್ಟಿಲು ಹತ್ತುವಾಗ ಅದು ಅಪಾಯ. ಸ್ಯಾಟಿನ್ ಅಥವಾ ಪಾಲಿಯೆಸ್ಟರ್ ಲಂಗ ತೊಡಿ, ಅದನ್ನು ಎಂದಿಗಿಂತ ಮೂರು ಬೆರಳು ಮೇಲೆ ನಿಲ್ಲುವಂತೆ ಕಟ್ಟಿ. ಸೀರೆಯ ಅಂಚು ಕಣಕಾಲಿನ ಮೂಳೆಯ ಮೇಲೆಯೇ ನಿಲ್ಲಲಿ. ನೆರಿಗೆಗಳನ್ನು ಒಟ್ಟುಗೂಡಿಸಿ ಮೊಣಕಾಲಿನ ಮೇಲ್ಗಡೆ ಒಳಗಿನಿಂದ ಒಂದು ಪಿನ್ನು ಹಾಕಿದರೆ, ನೀರು ದಾಟುವಾಗ ಎಡಗೈಯಲ್ಲಿ ಒಮ್ಮೆಗೇ ಎಲ್ಲವನ್ನೂ ಎತ್ತಿ ಹಿಡಿಯಬಹುದು. ಬಲಗೈ ಕೊಡೆಗೆ ಬಿಡುವಾಗಿರುತ್ತದೆ. ಸಿಂಥೆಟಿಕ್ ಜಾರ್ಜೆಟ್, ಕ್ರೇಪ್ ಸೀರೆಗಳು ನೆನೆದರೂ ಒಂದು ಗಂಟೆಯ ಫ್ಯಾನಿನ ಗಾಳಿಗೆ ಬಹುಪಾಲು ಒಣಗುತ್ತವೆ.

ಹವಾನಿಯಂತ್ರಿತ ಕಚೇರಿಗೆ ಹೋಗುವವರು ಒಂದು ಜೊತೆ ಒಣ ಬಟ್ಟೆಯನ್ನು ಅಲ್ಲಿಯೇ ಇಡಿ. ನೆನೆದ ಅಂಗಿಯಲ್ಲಿ ಎಂಟು ಗಂಟೆ ಆ ಚಳಿಯಲ್ಲಿ ಕುಳಿತವರ ಗತಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು: ಕೊಡೆ ಮತ್ತು ಚೀಲ

ಮೂರು ಮಡಿಕೆಯ ಪುಟ್ಟ ಕೊಡೆ ಚೀಲದಲ್ಲಿ ಮುಚ್ಚಿಟ್ಟುಕೊಳ್ಳಲು ಚೆನ್ನ. ಆದರೆ ಸಮುದ್ರದ ಕಡೆಯ ಗಾಳಿ ಬೀಸಿದಾಗ ಅದು ಮೇಲ್ಮುಖವಾಗಿ ತಿರುಗಿ ಕಡ್ಡಿ ಮುರಿದುಕೊಳ್ಳುತ್ತದೆ. ದಿನನಿತ್ಯಕ್ಕೆ ಉದ್ದ ಕೋಲಿನ, ಬಾಗಿದ ಹಿಡಿಯ, ಎಂಟು ಕಡ್ಡಿಯ ಕರಿ ಕೊಡೆಯನ್ನೇ ಕೊಳ್ಳಿ. ಬಾಗಿದ ಹಿಡಿಯನ್ನು ಮೊಣಕೈಗೆ ನೇತುಹಾಕಿ ಎರಡೂ ಕೈಯಿಂದ ಲೋಕಲ್‌ನ ಕಂಬ ಹಿಡಿಯಬಹುದು. ಮುಚ್ಚಿದ ಕೊಡೆ ನೆಲ ತಡಕಲು ಕೋಲೂ ಆಗುತ್ತದೆ. ಕೊಳ್ಳುವಾಗ ಬಿಚ್ಚಿ, ಕಡ್ಡಿಗಳು ಕೂಡುವ ಕೀಲನ್ನು ಬೆಳಕಿಗೆ ಹಿಡಿದು ನೋಡಿ. ಒಂದೇ ಒಂದು ತೆಳು ತಂತಿಯಲ್ಲಿ ಪೋಣಿಸಿದ್ದರೆ ಆಗಸ್ಟ್ ಕಾಣುವುದಿಲ್ಲ. ಕೀಲುಗಳಿಗೆ ಹದಿನೈದು ದಿನಕ್ಕೊಮ್ಮೆ ಒಂದು ಹನಿ ತೆಂಗಿನೆಣ್ಣೆ ಬಿಟ್ಟರೆ ತುಕ್ಕು ಹತ್ತುವುದಿಲ್ಲ. ಕಡ್ಡಿ ಮುರಿದರೆ ಎಸೆಯಬೇಡಿ, ಜೂನ್ ಬಂತೆಂದರೆ ಕೊಡೆ ರಿಪೇರಿಯವರು ಫುಟ್‌ಪಾತಿನ ಅಂಚಿನಲ್ಲಿ ಕುಳಿತಿರುತ್ತಾರೆ. ಅಲ್ಪ ಹಣಕ್ಕೆ ಕಣ್ಣೆದುರೇ ಕಡ್ಡಿ ಬದಲಿಸಿ ಕೊಡುತ್ತಾರೆ.

ಕೊಡೆ ಹಿಡಿಯುವುದಕ್ಕೂ ದಿಕ್ಕು ಗೊತ್ತಿರಬೇಕು. ಮುಂಗಾರಿನ ಗಾಳಿ ಇಲ್ಲಿ ನೈಋತ್ಯದಿಂದ, ಪಶ್ಚಿಮದಿಂದ ಬೀಸುತ್ತದೆ. ಮಾಟುಂಗಾ ನಿಲ್ದಾಣ ಬಡಾವಣೆಯ ಪಶ್ಚಿಮದ ಅಂಚಿನಲ್ಲಿದೆ. ಅಂದರೆ ಬೆಳಿಗ್ಗೆ ಕಿಂಗ್ಸ್ ಸರ್ಕಲ್ ಕಡೆಯಿಂದ ನಿಲ್ದಾಣಕ್ಕೆ ನಡೆಯುವಾಗ ಮಳೆ ಎದುರಿನಿಂದ ಹೊಡೆಯುತ್ತದೆ, ಸಂಜೆ ಮರಳುವಾಗ ಬೆನ್ನಿಗೆ ಬೀಳುತ್ತದೆ. ಬೆಳಿಗ್ಗೆ ಚೀಲವನ್ನು ಬೆನ್ನಿಗೆ ಹಾಕಿ, ಕೊಡೆಯನ್ನು ಮುಂದಕ್ಕೆ ಬಾಗಿಸಿ ಹಿಡಿಯಿರಿ. ಸಂಜೆ ಚೀಲವನ್ನು ಎದೆಗೆ ತಂದುಕೊಳ್ಳಿ.

ಯಾವ ಚೀಲದ ಹೊದಿಕೆಯನ್ನೂ ನಂಬಬೇಡಿ. ಚೀಲದೊಳಗೆ ಇನ್ನೊಂದು ದಪ್ಪ ಪ್ಲಾಸ್ಟಿಕ್ ಚೀಲವನ್ನು ಇಟ್ಟು, ಅದರೊಳಗೆ ಕಾಗದಪತ್ರ, ಚಾರ್ಜರ್, ಮೊಬೈಲ್ ಇಡಿ. ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ, ಅಂಗಡಿಯಲ್ಲಿ ಬೇಕೆಂದಾಗ ಸಿಗುವುದಿಲ್ಲ. ಐದು ಕಿಲೋ ಅಕ್ಕಿ, ಗೋಧಿಹಿಟ್ಟು ಬರುವ ಪೊಟ್ಟಣವನ್ನು ತೊಳೆದು ಒಣಗಿಸಿಟ್ಟುಕೊಂಡರೆ ಇಡೀ ಮಳೆಗಾಲ ಬಾಳುತ್ತದೆ. ರೇನ್‌ಕೋಟು ಸ್ಕೂಟರಿನವರಿಗೆ ಬೇಕು. ನಡೆಯುವವರಿಗೆ ಅದರೊಳಗೆ ಸುರಿಯುವ ಬೆವರು ಮಳೆಗಿಂತ ಹೆಚ್ಚು ನೆನೆಸುತ್ತದೆ.

ಐದನೆಯದು: ಹೊರಡುವ ಮುನ್ನ ಭರತ ನೋಡಿ

ಹವಾಮಾನ ಇಲಾಖೆ ದಿನವೂ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುತ್ತದೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮಿ.ಮೀ. ದಾಟಿದರೆ ಅತಿ ಭಾರಿ, 204.4 ಮಿ.ಮೀ.ಗಿಂತ ಹೆಚ್ಚಾದರೆ ಅತ್ಯಂತ ಭಾರಿ ಎಂದು ಅವರ ವಿಂಗಡಣೆ. ಕೆಂಪು ಎಂದರೆ ಮನೆಯಲ್ಲೇ ಇರುವ ದಾರಿ ಹುಡುಕಿ.

ಆದರೆ ಮುಂಬಯಿಯಲ್ಲಿ ಮಳೆಯೊಂದನ್ನೇ ನೋಡಿದರೆ ಸಾಲದು. ನಗರದ ಮಳೆನೀರಿನ ಕಾಲುವೆಗಳು ಸಮುದ್ರಕ್ಕೆ ಸೇರುವ ಬಾಯಿಗಳಲ್ಲಿ ಬಹಳಷ್ಟು ಭರತದ, ಅಂದರೆ ಸಮುದ್ರದ ಉಬ್ಬರದ, ಮಟ್ಟಕ್ಕಿಂತ ಕೆಳಗಿವೆ. ಸಮುದ್ರ ಏರಿದಾಗ ನೀರು ಹೊರಗೆ ಹೋಗಲು ದಾರಿಯಿಲ್ಲದೆ ರಸ್ತೆಯಲ್ಲೇ ನಿಲ್ಲುತ್ತದೆ. ಹಳೆಯ ಕಾಲುವೆಗಳನ್ನು ಗಂಟೆಗೆ 25 ಮಿ.ಮೀ. ಮಳೆಗೆಂದು ಕಟ್ಟಿದ್ದರು; ಅದನ್ನು 50 ಮಿ.ಮೀ.ಗೆ ಏರಿಸುವ ಬ್ರಿಮ್‌ಸ್ಟೋವ್ಯಾಡ್ ಯೋಜನೆ 2005ರ ನಂತರ ವೇಗ ಪಡೆಯಿತು. ಆದ್ದರಿಂದ ಅಷ್ಟೇ ಮಳೆ ಇಳಿತದ ಹೊತ್ತಿನಲ್ಲಿ ಬಿದ್ದರೆ ಅರ್ಧ ಗಂಟೆಯಲ್ಲಿ ಹರಿದು ಹೋಗಬಹುದು, ಭರತದ ಹೊತ್ತಿನಲ್ಲಿ ಬಿದ್ದರೆ ತಾಸುಗಟ್ಟಲೆ ನಿಂತಿರಬಹುದು. ಪಾಲಿಕೆ ಪ್ರತಿ ಮಳೆಗಾಲಕ್ಕೂ ಮುನ್ನ ದೊಡ್ಡ ಭರತ, ಅಂದರೆ ಸಮುದ್ರ 4.5 ಮೀಟರಿಗಿಂತ ಎತ್ತರಕ್ಕೆ ಏರುವ ದಿನ ಮತ್ತು ವೇಳೆಯ ಪಟ್ಟಿಯನ್ನು ಪ್ರಕಟಿಸುತ್ತದೆ. ಅದನ್ನು ಕ್ಯಾಲೆಂಡರಿನ ಮೇಲೆ ಗುರುತುಹಾಕಿಕೊಳ್ಳಿ. ಕರಾವಳಿಯವರಿಗೆ ಇದು ಹೊಸದಲ್ಲ: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ ದೊಡ್ಡದು, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇಂದು ಮಧ್ಯಾಹ್ನ ಒಂದಕ್ಕಿದ್ದರೆ ನಾಳೆ ಎರಡರ ಹತ್ತಿರ.

ಭರತದ ವೇಳೆಯೂ ಕಿತ್ತಳೆ ಎಚ್ಚರಿಕೆಯೂ ಒಂದೇ ದಿನ ಕೂಡಿಬಂದರೆ ಆ ವೇಳೆಗೆ ಎರಡು ಗಂಟೆ ಮೊದಲೇ ಮನೆ ಸೇರುವಂತೆ ಕಚೇರಿಯಿಂದ ಹೊರಡಿ. ಕುರ್ಲಾ ಮತ್ತು ಸಾಯನ್ ನಡುವೆ ಹಳಿಯ ಮೇಲೆ ನೀರು ಬಂದರೆ ಮಾಟುಂಗಾ ನಿಲ್ದಾಣದ ಮೂಲಕ ಹೋಗುವ ಸೆಂಟ್ರಲ್ ಲೋಕಲ್‌ಗಳು ನಿಲ್ಲುತ್ತವೆ. ಆಗ ಪಶ್ಚಿಮ ರೈಲಿನ ಮಾಟುಂಗಾ ರೋಡ್ ನಿಲ್ದಾಣ ನಿಮಗೆ ಆಸರೆ. ಸಂಜೆ ದಕ್ಷಿಣದಿಂದ ಬರುವಾಗ ಚರ್ಚ್‌ಗೇಟ್ ಕಡೆಯಿಂದ ಬಂದು ಅಲ್ಲಿ ಇಳಿದು ಪಾದಚಾರಿ ಸೇತುವೆಯ ಮೂಲಕ ಈಚೆಗೆ ದಾಟಬಹುದು. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಇರುವುದು ಆ ಪಶ್ಚಿಮದ ಬದಿಯಲ್ಲಿ. ಅಲ್ಲಿ ಕಾರ್ಯಕ್ರಮಕ್ಕೆ ಹೋಗುವವರಿಗೆ ಈ ದಾರಿ ಪರಿಚಿತವೇ.

ಆರನೆಯದು: ಕಾಲಿಡುವ ಜಾಗ

ಫುಟ್‌ಪಾತಿನ ಪೇವರ್ ಬ್ಲಾಕುಗಳನ್ನು ಗಮನಿಸುತ್ತಾ ನಡೆಯಿರಿ. ಅಡಿಯ ಮರಳು ಕೊಚ್ಚಿಹೋದ ಬ್ಲಾಕು ಮೇಲಿನಿಂದ ಸರಿಯಾಗಿಯೇ ಕಾಣುತ್ತದೆ. ಅಂಚಿನ ಮೇಲೆ ಕಾಲಿಟ್ಟ ಕೂಡಲೇ ಒಂದು ಕಡೆ ತಗ್ಗಿ, ಇನ್ನೊಂದು ಕಡೆಯ ಬಿರುಕಿನಿಂದ ಕೆಸರುನೀರನ್ನು ಮೊಣಕಾಲಿನೆತ್ತರಕ್ಕೆ ಚಿಮ್ಮಿಸುತ್ತದೆ. ಸುತ್ತಲಿನ ಸಂದುಗಳಲ್ಲಿ ಹುಲ್ಲು, ಪಾಚಿ ಇದ್ದರೆ ಬ್ಲಾಕು ಗಟ್ಟಿಯಾಗಿ ಕೂತಿದೆ ಎಂದು ಅರ್ಥ. ಸಂದು ಖಾಲಿಯಾಗಿ, ಅಂಚಿನಲ್ಲಿ ನೀರು ಸಣ್ಣಗೆ ಗುಳ್ಳೆ ಹಾಕುತ್ತಿದ್ದರೆ ಅದನ್ನು ದಾಟಿ ಹೆಜ್ಜೆಯಿಡಿ, ಅಥವಾ ನಡುಮಧ್ಯದಲ್ಲಿ ಪೂರ್ತಿ ಪಾದ ಊರಿ.

ಸೇತುವೆಯ ಮೆಟ್ಟಿಲ ಮೇಲೆ ನಿಂತು ಕೊಡೆ ಬಿಚ್ಚಬೇಡಿ, ಮಳೆ ನಿಲ್ಲಲಿ ಎಂದು ಅಲ್ಲಿ ಕಾಯಬೇಡಿ. 2017ರ ಸೆಪ್ಟೆಂಬರ್ 29ರಂದು, ಈಗ ಪ್ರಭಾದೇವಿ ಎಂದು ಕರೆಯುವ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯ ಮೇಲೆ ಮಳೆಗೆ ಆಸರೆಯಾಗಿ ನಿಂತ ಜನಸಂದಣಿಯಲ್ಲಿ ಕಾಲ್ತುಳಿತವಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕಾಯುವುದಿದ್ದರೆ ಕೆಳಗೆ ಇಳಿದು ಅಂಗಡಿಯ ಮಾಡಿನ ಕೆಳಗೆ, ಇಲ್ಲವೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕಾಯಿರಿ. ನಿಲ್ದಾಣದ ಹತ್ತಿರ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟದ ಸರದಿಗೆ ಕುಳಿತರೆ ಎಂಥ ಜಡಿಮಳೆಯೂ ಒಂದು ಸುತ್ತು ಕಳೆದಿರುತ್ತದೆ. ಮರದಡಿ ಮಾತ್ರ ನಿಲ್ಲಬೇಡಿ. ಮಾಟುಂಗಾದ ಸಾಲುಮರಗಳು ಚೆಂದ, ಆದರೆ ಹಳೆಯವು. ಗಾಳಿಮಳೆಗೆ ಕೊಂಬೆ ಮುರಿದು ಬೀಳುವುದು ಪ್ರತಿ ವರ್ಷದ ಸುದ್ದಿ.

ನೀರು ನಿಲ್ಲುವ ಜಾಗಗಳು ಬಹುತೇಕ ಗೊತ್ತಿರುವಂಥವೇ. ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್ ಎದುರು, ದಾದರ್ ಪೂರ್ವದ ಹಿಂದಮಾತಾ, ಸಾಯನ್‌ನ ತಗ್ಗು ರಸ್ತೆಗಳು. ನೀರು ಹೊರಹಾಕಲು ಪಾಲಿಕೆ ಪಂಪುಗಳನ್ನು ಕೂರಿಸಿದೆ. ಆದರೂ ಜಡಿಮಳೆಯಲ್ಲಿ ಸುತ್ತುಬಳಸಿನ ಎತ್ತರದ ರಸ್ತೆಯನ್ನೇ ಹಿಡಿಯಿರಿ.

ನೀರು ಕಣಕಾಲು ದಾಟಿ, ತಳ ಕಾಣದಂತೆ ಕಲಕಿದ್ದರೆ ಮುಂದೆ ಹೋಗದಿರುವುದೇ ಸರಿ. 2017ರ ಆಗಸ್ಟ್ 29ರ ಮಳೆಯಲ್ಲಿ ನಗರದ ಹೆಸರಾಂತ ವೈದ್ಯರೊಬ್ಬರು ಮನೆಗೆ ನಡೆದು ಹೋಗುತ್ತಿದ್ದಾಗ ನೀರಿನಡಿಯ ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಆಮೇಲೆ ಅನೇಕ ಕಡೆ ಮುಚ್ಚಳದ ಕೆಳಗೆ ಜಾಲರಿ ಹಾಕಿದ್ದಾರೆ, ಎಲ್ಲ ಕಡೆಯೂ ಇದೆಯೆಂದು ನಂಬಿ ನಡೆಯಬೇಡಿ. ನೀರಿನ ನಡುವೆ ಯಾರೋ ಒಂದು ಬಿದಿರು, ಮರದ ಟೊಂಗೆ, ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟಿದ್ದರೆ ಅಲ್ಲಿ ಗುಂಡಿಯಿದೆ ಎಂದೇ ತಿಳಿಯಿರಿ. ಹೋಗಲೇಬೇಕಾದರೆ ಕೊಡೆಯನ್ನು ಮುಚ್ಚಿ, ತುದಿಯಿಂದ ಮುಂದಿನ ನೆಲವನ್ನು ತಡಕಿ, ಆಮೇಲೆ ಕಾಲಿಡಿ. ನೆನೆಯುವ ಯೋಚನೆ ಆಗ ಬೇಡ. ನೀರು ಒಂದೇ ಕಡೆ ಸುತ್ತುತ್ತಾ ಇಳಿಯುತ್ತಿದ್ದರೆ ಅಲ್ಲಿಗೆ ಹತ್ತಿರವೂ ಹೋಗಬೇಡಿ. ದೀಪದ ಕಂಬ, ವಿದ್ಯುತ್ ಪೆಟ್ಟಿಗೆ, ಅಂಗಡಿಯ ಕಬ್ಬಿಣದ ಬಾಗಿಲನ್ನು ಆಸರೆಗೆಂದು ಹಿಡಿಯಬೇಡಿ. ತುರ್ತಿಗೆ ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1916.

ಬರಿಗಾಲು ಬೇಡ ಎಂದದ್ದಕ್ಕೆ ಕಾರಣ ಇಲಿಜ್ವರ. ಇಲಿ, ದನ, ನಾಯಿಗಳ ಮೂತ್ರ ಬೆರೆತ ಈ ನೀರಿನಿಂದ ರೋಗಾಣು ಕಾಲಿನ ಸಣ್ಣ ಗೀರಿನ ಮೂಲಕವೂ ಒಳಸೇರುತ್ತದೆ. ಅಂಥ ನೀರಿನಲ್ಲಿ ನಡೆದಿದ್ದರೆ 72 ಗಂಟೆಗಳೊಳಗೆ ವೈದ್ಯರನ್ನು ಕಾಣಿ ಎಂದು ಪಾಲಿಕೆಯೇ ಪ್ರತಿ ವರ್ಷ ಹೇಳುತ್ತದೆ. ಅವರು ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಯಾರಿಗೆ, ಎಷ್ಟು ಎಂದು ನೋಡಿ ಕೊಡುತ್ತಾರೆ. ಕಾಲಿನಲ್ಲಿ ಗಾಯವಿದ್ದವರು ಇದನ್ನು ಎಂದೂ ತಾತ್ಸಾರ ಮಾಡಬಾರದು. ಆಮೇಲಿನ ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ನೀರಿನಲ್ಲಿ ನಡೆದ ವಿಷಯವನ್ನು ವೈದ್ಯರಿಗೆ ನೀವಾಗಿಯೇ ಹೇಳಿ.

ಏಳನೆಯದು: ಒಣಗಿಸುವುದು

ವಾರದ ಬಟ್ಟೆಯನ್ನು ಭಾನುವಾರ ಒಟ್ಟಿಗೆ ಒಗೆಯುವ ಅಭ್ಯಾಸ ಮಳೆಗಾಲದಲ್ಲಿ ನಡೆಯುವುದಿಲ್ಲ. ದಿನಕ್ಕೆ ಐದಾರು ಬಟ್ಟೆಗಳನ್ನು ಮಾತ್ರ ಒಗೆಯಿರಿ. ರಾತ್ರಿಯಿಡೀ ನೆನೆಹಾಕಬೇಡಿ, ಮುಗ್ಗಲು ವಾಸನೆ ಅಲ್ಲಿಂದಲೇ ಶುರುವಾಗುತ್ತದೆ. ಯಂತ್ರವಿದ್ದರೆ ಎರಡು ಸಲ ಹಿಂಡಿಸಿ. ಇಲ್ಲದಿದ್ದರೆ ಹಿಂಡಿದ ಬಟ್ಟೆಯನ್ನು ಒಣ ಟವೆಲಿನಲ್ಲಿ ಸುತ್ತಿ ಒತ್ತಿ, ಆಮೇಲೆ ಹರವಿ. ಮುಂಬಯಿಯ ಸಣ್ಣ ಮನೆಗಳಲ್ಲಿ ಚಾವಣಿಗೆ ರಾಟೆ ಹಾಕಿ ಮೇಲೆಳೆಯುವ ಬಟ್ಟೆಯ ಕೋಲುಗಳನ್ನು ನೋಡಿರುತ್ತೀರಿ. ಬಿಸಿ ಗಾಳಿ ಮೇಲೆಯೇ ಇರುವುದರಿಂದ, ಫ್ಯಾನಿನ ಬಳಿ ಕಟ್ಟಿದರೆ ಅದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಎರಡು ಬಟ್ಟೆಗಳ ನಡುವೆ ಒಂದು ಗೇಣು ಜಾಗವಿರಲಿ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ಜೇಬುಗಳನ್ನು ಹೊರಗೆಳೆದು, ಸೊಂಟ ಬಿಚ್ಚಿಕೊಂಡಿರುವಂತೆ ಎರಡು ಕ್ಲಿಪ್ಪಿನಲ್ಲಿ ತೂಗುಹಾಕಿ. ಕೊನೆಗೆ ಉಳಿಯುವ ತೇವ ಯಾವಾಗಲೂ ಸೊಂಟಪಟ್ಟಿಯಲ್ಲಿ, ಜೇಬಿನಲ್ಲಿ, ಹೊಲಿಗೆಯಲ್ಲಿ. ಅಲ್ಲಿಗೆ ಇಸ್ತ್ರಿ ತಾಗಿಸಿ ಮುಗಿಸಿ. ಇಸ್ತ್ರಿ ಮಾಡಿದ ಬಟ್ಟೆಯನ್ನು ಬಿಸಿ ಆರುವವರೆಗೆ ಹೊರಗೇ ಬಿಡಿ, ತಕ್ಷಣ ಕಪಾಟಿಗೆ ಸೇರಿಸಬೇಡಿ.

ಶಾಲೆಯ ಮಕ್ಕಳಿಗೆ ಮೂರು ಜೊತೆ ಸಮವಸ್ತ್ರ ಬೇಕು. ಎರಡರಲ್ಲಿ ಜುಲೈ ದಾಟುವುದಿಲ್ಲ.

ಹಬ್ಬದ ಸೀರೆ

ಗಣೇಶನ ಹಬ್ಬ ಬರುವುದೂ ಮಳೆಯಲ್ಲೇ. ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಸೇವಾ ಮಂಡಲದ ಗಣಪತಿಗೆ, ವಡಾಲಾದ ರಾಮಮಂದಿರದ ಗಣಪತಿಗೆ ಕರಾವಳಿಯ ಮನೆಗಳಿಂದ ರೇಷ್ಮೆ ಉಟ್ಟು ಬರುವ ಹೆಂಗಸರನ್ನು ನೋಡುವುದೇ ಒಂದು ಸಂಭ್ರಮ. ಆ ದಿನ ಸಿಂಥೆಟಿಕ್ ಉಡಿ ಎಂದು ನಾನು ಹೇಳಲಾರೆ. ರೇಷ್ಮೆಯನ್ನೇ ಉಡಿ, ಆದರೆ ಮಂಟಪ ತಲುಪುವವರೆಗೆ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸೆರಗನ್ನು ಭುಜದ ಮೇಲೆ ಮಡಚಿ ಪಿನ್ನು ಹಾಕಿ, ಮೇಲೊಂದು ತೆಳು ಹೊದಿಕೆಯಿರಲಿ. ಚಪ್ಪಲಿ ಹೊರಗೆ ಮಳೆಯಲ್ಲೇ ಬಿಡಬೇಕಾಗುತ್ತದೆ, ಹಳೆಯ ಜೊತೆ ಹಾಕಿಕೊಂಡು ಹೋಗಿ.

ಮಳೆಹನಿ ಬಿದ್ದ ಜಾಗದಲ್ಲಿ ರೇಷ್ಮೆಗೆ ಕಲೆ ನಿಲ್ಲುತ್ತದೆ. ಒದ್ದೆಯಿರುವಾಗ ಉಜ್ಜಬೇಡಿ. ಮನೆಗೆ ಬಂದು ಬಿಚ್ಚಿ, ನೆರಳಿನಲ್ಲಿ ಅಗಲವಾಗಿ ಹರವಿ, ಪೂರ್ತಿ ಒಣಗಿದ ಮೇಲೆ ಮೇಲೊಂದು ಹತ್ತಿಬಟ್ಟೆ ಹಾಸಿ, ಒಳಮೈಗೆ ಹಗುರ ಬಿಸಿಯ ಇಸ್ತ್ರಿ ಮಾಡಿ. ಕನಿಷ್ಠ ಎರಡು ದಿನ ಗಾಳಿಗೆ ಬಿಟ್ಟು, ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ ಇಡಿ. ನುಸಿಗುಳಿಗೆ ಜರಿಗೆ ತಾಗಬಾರದು, ಚಿಕ್ಕ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಮಳೆಗಾಲದ ನಡುವೆ ಎರಡು ಮೂರು ದಿನ ಬಿಸಿಲು ಬಿಟ್ಟಾಗ ಕಪಾಟಿನ ಬಾಗಿಲುಗಳನ್ನು ತೆರೆದು, ರೇಷ್ಮೆಗಳ ಮಡಿಕೆ ಬದಲಿಸಿ ಮತ್ತೆ ಇಡಿ.

ಮಳೆ ಹೋದ ಮೇಲೆ

ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಮುಂಗಾರು ಹಿಂದೆ ಸರಿಯುತ್ತದೆ. ಕೆಲವು ವರ್ಷ ನವರಾತ್ರಿಯವರೆಗೂ ಗುಡುಗು ಮಳೆ ಸಂಜೆ ಬರುತ್ತಿರುತ್ತದೆ, ಆದ್ದರಿಂದ ಕೊಡೆಯನ್ನು ಅವಸರದಲ್ಲಿ ಒಳಗಿಡಬೇಡಿ. ಬಿಸಿಲು ನಿಂತ ಮೇಲೆ ಕೊಡೆಯನ್ನು ಬಿಚ್ಚಿ ಗ್ಯಾಲರಿಯಲ್ಲಿ ಒಂದು ದಿನ ಬಿಟ್ಟು, ಕೀಲುಗಳಿಗೆ ಕೊನೆಯ ಬಾರಿ ಎಣ್ಣೆ ಹಾಕಿ, ಪಟ್ಟಿ ಬಿಗಿಯದೆ ಸಡಿಲವಾಗಿ ನೇತುಹಾಕಿ. ಚಪ್ಪಲಿಯ ಅಟ್ಟೆ ತಿರುಗಿಸಿ ನೋಡಿ: ಗೀರುಗಳು ಸವೆದು ನುಣುಪಾಗಿದ್ದರೆ ಇನ್ನೊಂದು ಮಳೆಗಾಲಕ್ಕೆ ಎತ್ತಿಡಬೇಡಿ. ಕಪಾಟಿನ ಒಳಗೋಡೆಗಳನ್ನು ಒಣ ಬಟ್ಟೆಯಿಂದ ಒರೆಸಿ, ಮೇಲಿಟ್ಟಿದ್ದ ಚರ್ಮದ ಬೂಟುಗಳ ಒಳಗಿನ ಪತ್ರಿಕೆಯನ್ನು ತೆಗೆದು, ಪಾಲಿಶ್ ಹಾಕಿ ಒಂದು ಬೆಳಗಿನ ಬಿಸಿಲಿಗೆ ಹಿಡಿಯಿರಿ.